ಗೋಧಿಯ ಬಾತುಕೋಳಿ

ಚಿಕ್ಕೋಡಿಯಲ್ಲಿ ನಮ್ಮದೊಂದು ಪಂಪ್‌ಸೆಟ್ ಅಂಗಡಿ ಇತ್ತು. ಮಾವನವರು ಶುರು ಮಾಡಿದ್ದು. ಅವರು ತೀರಿಕೊಂಡಾಗ ನಮ್ಮವರು ಇನ್ನೂ ಕಾಲೇಜಿನಲ್ಲಿದ್ದರು, ಹೀಗಾಗಿ ಡೀಲರ್‌ಶಿಪ್ ಅತ್ತೆಯ ಹೆಸರಿಗೆ ಬಂತು. ಆಮೇಲೆ ಅದನ್ನು ಬದಲಿಸುವ ತಾಪತ್ರಯಕ್ಕೆ ಯಾರೂ ಹೋಗಲಿಲ್ಲ. ಅತ್ತೆ ಇರುತ್ತಿದ್ದುದು ಅಂಕಲಿಯ ಮನೆಯಲ್ಲಿ. ಅಂಗಡಿಗೆ ದೀಪಾವಳಿ ಪೂಜೆಗೆ ಬಂದು, ಗಲ್ಲಾಪೆಟ್ಟಿಗೆಗೆ ಕುಂಕುಮ ಹಚ್ಚಿ, ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಿದ್ದರು. ಕೃಷ್ಣೆಯ ದಂಡೆಗುಂಟ ಕಬ್ಬು ಹಚ್ಚುವವರು ಹೆಚ್ಚುತ್ತಿದ್ದ ಕಾಲ ಅದು. ನೀರೆತ್ತುವ ಮೋಟಾರಿಲ್ಲದೆ ಯಾರಿಗೂ ನಡೆಯುತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ ಒಂದು ವರ್ಷ ವ್ಯಾಪಾರ ಎಷ್ಟು ಚಲೋ ಆಯಿತೆಂದರೆ, ಕಂಪನಿಯವರು ಸಿಂಗಪುರಕ್ಕೆ ಕರೆದೊಯ್ಯುವ ಡೀಲರುಗಳಲ್ಲಿ ನಮ್ಮ ಅಂಗಡಿಯೂ ಸೇರಿತು. ಡೀಲರ್ ಒಬ್ಬರು, ಅವರ ಜೊತೆ ಮನೆಯವರೊಬ್ಬರು.

ನಮ್ಮವರು ಹೊಸ ಸೂಟ್‌ಕೇಸ್ ಕೊಂಡಾಗಿತ್ತು. ಆಗ ಹುಬ್ಬಳ್ಳಿಯ ಕಚೇರಿಯಿಂದ ಫೋನ್ ಬಂತು. ಕಾಗದಪತ್ರದಲ್ಲಿ ಡೀಲರ್ ಎಂದು ಇರುವುದು ಅತ್ತೆಯ ಹೆಸರು, ಆದ್ದರಿಂದ ಟಿಕೆಟ್ ಅವರದೇ, ಜೊತೆಗೆ ಬೇಕಾದರೆ ಮಗ ಬರಬಹುದು ಎಂದರು. ಭಾನುವಾರ ಅಂಕಲಿಯಲ್ಲಿ ಊಟಕ್ಕೆ ಕೂತಾಗ ಈ ಮಾತು ಬಂತು. ಅತ್ತೆ ಬರುವುದಿಲ್ಲ ಎನ್ನುತ್ತಾರೆ, ಹೇಗೋ ದಾರಿ ಆಗುತ್ತದೆ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು. ಅವರು ಕೈಯಲ್ಲಿದ್ದ ರೊಟ್ಟಿ ಮುರಿಯುತ್ತ ಕೇಳಿದರು, "ವಿಮಾನ ಎಲ್ಲಿಂದ ಹೋಗ್ತೈತಿ?"

"ಮುಂಬಯಿಯಿಂದ" ಎಂದರು ನಮ್ಮವರು.

"ನೀ ಬಂದ್ರ ಅಂಗಡಿ ಯಾರ ನೋಡ್ತಾರ? ಸೀಜನ್ ಐತಿ. ಇಕಿ ಬಿ.ಎ. ಮಾಡ್ಯಾಳ, ಇಂಗ್ಲಿಷ್ ಬರ್ತೈತಿ. ಇಕಿನ್ನ ಕರ್ಕೊಂಡ ಹೋಗ್ತೀನಿ."

ನನ್ನ ಇಂಗ್ಲಿಷು ಚಿಕ್ಕೋಡಿ ಕಾಲೇಜಿನದು. ಪರೀಕ್ಷೆ ಬರೆದಿದ್ದೆನೇ ಹೊರತು ಯಾರೊಂದಿಗೂ ಆಡಿರಲಿಲ್ಲ. ನಮ್ಮವರು ಎರಡು ದಿನ ಮಾತು ಕಮ್ಮಿ ಮಾಡಿದರು, ಮೂರನೆಯ ದಿನ ಸೂಟ್‌ಕೇಸ್ ತಂದು ನನ್ನ ಮುಂದೆ ಇಟ್ಟರು.

ಅತ್ತೆಯ ಊಟದ ಕಟ್ಟುಪಾಡುಗಳನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಜೈನ ಮನೆತನ. ಮನೆಯ ಉಳಿದವರು ಬಟಾಟೆ, ಉಳ್ಳಾಗಡ್ಡಿಯ ವಿಷಯದಲ್ಲಿ ಅಷ್ಟಿಷ್ಟು ಸಡಿಲ ಬಿಟ್ಟಿದ್ದೆವು. ಅತ್ತೆ ಬಿಟ್ಟಿರಲಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಯಾವುದೂ ಅವರಿಗೆ ಸಲ್ಲದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿಶುಂಠಿ ಎಲ್ಲವೂ ಅದರಲ್ಲಿ ಬಂತು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಇದನ್ನು ಅವರು ಯಾರಿಗೂ ಬೋಧಿಸುತ್ತಿರಲಿಲ್ಲ. ನಾವು ರಾತ್ರಿ ಉಣ್ಣುವಾಗ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದರು.

ಪ್ರವಾಸಕ್ಕೆಂದು ಹಾಲಿನಲ್ಲಿ ಹಿಟ್ಟು ನಾದಿ ದಶಮಿ ರೊಟ್ಟಿ ಮಾಡಿಕೊಂಡರು. ಅದು ವಾರಗಟ್ಟಲೆ ಕೆಡುವುದಿಲ್ಲ ಎಂಬುದು ನಮ್ಮ ಕಡೆಯ ಅನುಭವ. ಆದರೆ ಅದು ನಮ್ಮ ಕಡೆಯ ಹವೆಯ ಅನುಭವ. ಸಿಂಗಪುರದ ಗಾಳಿಯನ್ನು ಹಿಂಡಿದರೆ ನೀರು ಬರುವಂತಿತ್ತು. ಮೊದಲ ದಿನ ಸುಮ್ಮನೆ ಹೋಯಿತು. ಎರಡನೆಯ ದಿನ ಹೋಟೆಲಿನ ಸಭಾಂಗಣದಲ್ಲಿ ಕಂಪನಿಯ ಸಮಾರಂಭ. ಅತ್ತೆಯನ್ನು ವೇದಿಕೆಗೆ ಕರೆದು ಫಲಕ ಕೊಟ್ಟರು, ಫೋಟೋ ತೆಗೆದರು, ನಾಲ್ಕು ಮಾತಾಡಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಮೂರನೆಯ ದಿನ ಊರು ನೋಡುವ ಕಾರ್ಯಕ್ರಮ. ಬೆಳಿಗ್ಗೆ ಅತ್ತೆ ಗಂಟು ಬಿಚ್ಚಿದಾಗ ರೊಟ್ಟಿಗಳ ಮೇಲೆಲ್ಲ ಬಿಳಿ ಬೂಷ್ಟು ಬಂದಿತ್ತು.

"ಜೀವ ಹುಟ್ಯಾವ" ಎಂದು ಮತ್ತೆ ಕಟ್ಟಿಟ್ಟರು. ಒಂದು ಬಾಳೆಹಣ್ಣು ತಿಂದು, ಕುದಿಸಿ ಸೋಸಿದ ನೀರು ಬಾಟಲಿಗೆ ತುಂಬಿಕೊಂಡು ಬಸ್ಸು ಹತ್ತಿದರು.

ಬಸ್ಸಿನಲ್ಲಿ ನಮ್ಮ ಜಿಲ್ಲೆಯವರು, ಸಾಂಗಲಿ ಕೊಲ್ಹಾಪುರದ ಕಡೆಯವರು, ಅವರವರ ಹೆಂಡಂದಿರು. ಕಂಪನಿಯ ಕಡೆಯಿಂದ ಪುಣೆಯ ಒಬ್ಬ ಮ್ಯಾನೇಜರ್. ಗೈಡ್ ಒಬ್ಬ ಚೀನೀ ಹೆಂಗಸು, ನಲವತ್ತು ದಾಟಿದವಳು, ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಮಡಿಸಿದ ಕೆಂಪು ಕೊಡೆಯನ್ನು ಎತ್ತಿ ಹಿಡಿದು, ಇದನ್ನು ನೋಡಿಕೊಂಡು ನನ್ನ ಹಿಂದೆ ಬನ್ನಿ ಎಂದಳು. ಅವಳ ಇಂಗ್ಲಿಷು ನನ್ನ ಪುಸ್ತಕದ ಇಂಗ್ಲಿಷಿನಂತೆ ಇರಲಿಲ್ಲ. ಪ್ರತಿ ಮಾತಿನ ಕೊನೆಗೂ 'ಲಾ' ಎನ್ನುತ್ತಿದ್ದಳು.

"ಏನಬೇ, ಇಕಿ ನಮ್ಮನ್ನ ಲೇ ಲೇ ಅನ್ನಾಕತ್ತಾಳಲ್ಲ" ಎಂದರು ಅತ್ತೆ.

"ಇಲ್ಲರಿ, ಅದು ಇಲ್ಲಿಯವರ ಮಾತಿನ ರೂಢಿ ಇರಬೇಕು" ಎಂದೆ.

ನಾನು ಅತ್ತೆಗೆ ಕನ್ನಡದಲ್ಲಿ ಹೇಳುವುದನ್ನು ಕೇಳಿ ಹಿಂದಿನ ಸೀಟಿನ ಸಾಂಗಲಿಯಾಕೆ "ಕಾಯ್ ಮ್ಹಣತೇ ತೀ?", ಏನನ್ನುತ್ತಾಳೆ ಅವಳು, ಎಂದು ಮುಂದೆ ಬಗ್ಗಿದಳು. ಅವಳಿಗೆ ಮರಾಠಿಯಲ್ಲಿ ಹೇಳಿದೆ. ಸ್ವಲ್ಪ ಹೊತ್ತಿಗೆ ಅರ್ಧ ಬಸ್ಸು ನನ್ನ ಕಡೆ ಕಿವಿಗೊಟ್ಟಿತ್ತು. ಎರಡು ಭಾಷೆ ಆಡುವುದು ನಮ್ಮ ಕಡೆ ದೊಡ್ಡ ಕೆಲಸವೇನಲ್ಲ. ನಿಪ್ಪಾಣಿಯ ಸಂತೆಯಲ್ಲಿ ತೂಕ ಒಂದು ಭಾಷೆಯಲ್ಲಿ ಕೇಳಿ ಚೌಕಾಶಿ ಇನ್ನೊಂದರಲ್ಲಿ ಮಾಡುತ್ತೇವೆ. ಗೈಡ್ ಇದನ್ನು ಗಮನಿಸಿ, ಒಂದೊಂದು ವಾಕ್ಯದ ನಂತರ ನನಗಾಗಿ ನಿಲ್ಲತೊಡಗಿದಳು.

ಮೊದಲು ನದಿಯ ಬಾಯಿಯ ಹತ್ತಿರ ನಿಲ್ಲಿಸಿದರು. ಅಲ್ಲಿ ಸಿಂಹದ ತಲೆ, ಮೀನಿನ ಮೈ ಇರುವ ಬಿಳಿ ಮೂರ್ತಿ, ಬಾಯಿಂದ ನೀರು ಉಗುಳುತ್ತಿತ್ತು. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅತ್ತೆ ಬಹಳ ಹೊತ್ತು ನೋಡಿದರು. "ಸಿಂಹ ಕಡೇ ತೀರ್ಥಂಕರರ ಲಾಂಛನ, ಮೀನ ಇನ್ನೊಬ್ಬರದು. ಇವರು ಎರಡೂ ಕೂಡಸ್ಯಾರ" ಎಂದರು. ಗೈಡ್ ಏನೆಂದು ಕೇಳಿದಳು. ಹೇಳಿದೆ. ಅವಳು ನಕ್ಕು, ಇದು ಪ್ರವಾಸಿಗರಿಗಾಗಿ ಮಾಡಿದ್ದು, ಇದಕ್ಕೆ ಪೂಜೆ ಇಲ್ಲ ಎಂದಳು.

ಅಲ್ಲಿಂದ ಚೀನೀಯರ ಕೇರಿಗೆ ಹೋದೆವು. ಕೇರಿ ಚೀನೀಯರದಾದರೂ ಅದರ ಮುಖ್ಯ ರಸ್ತೆಯಲ್ಲೇ ಒಂದು ತಮಿಳು ದೇವಿಯ ಗುಡಿ, ನಾಲ್ಕು ಹೆಜ್ಜೆಗೆ ಒಂದು ಮಸೀದಿ. ಗುಡಿಯ ಮುಂದೆ ಚಪ್ಪಲಿಗಳ ರಾಶಿ ಇತ್ತು. ಅತ್ತೆ ಒಳಗೆ ಹೋಗಿ ಕೈ ಮುಗಿದು ಬಂದರು. ಹೊರಗೆ ಬಂದು ಎದುರಿನ ಅಂಗಡಿ ನೋಡಿದವರೇ ನಿಂತುಬಿಟ್ಟರು. ಗಾಜಿನ ಹಿಂದೆ ಸುಟ್ಟ ಬಾತುಕೋಳಿಗಳನ್ನು ಕೊರಳಿಗೆ ಕೊಕ್ಕೆ ಹಾಕಿ ಸಾಲಾಗಿ ತೂಗುಬಿಟ್ಟಿದ್ದರು. ಮೈಯೆಲ್ಲ ಬಣ್ಣ ಬಳಿದ ಹಾಗೆ ಕೆಂಪಗೆ ಹೊಳೆಯುತ್ತಿತ್ತು, ಕಾಲು ಕೊಕ್ಕು ಎಲ್ಲ ಇದ್ದ ಹಾಗೇ.

"ನೋಡಬ್ಯಾಡ್ರಿ, ಬರ್ರಿ" ಎಂದೆ.

"ನೋಡಿದ್ದಾತು" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ನಡೆದರು.

ಮಧ್ಯಾಹ್ನದ ಊಟ ಭಾರತೀಯರ ಕೇರಿಯ ಒಂದು ಶಾಕಾಹಾರಿ ಹೋಟೆಲಿನಲ್ಲಿ. ಬಾಳೆ ಎಲೆ ಹಾಕಿದರು. ಎಲ್ಲರ ಮುಖವೂ ಅರಳಿತು. ಅತ್ತೆ ಬಡಿಸಿದ್ದನ್ನೆಲ್ಲ ಒಂದೊಂದಾಗಿ ನೋಡಿದರು. ಸಾಂಬಾರಿನಲ್ಲಿ ಉಳ್ಳಾಗಡ್ಡಿ, ಪಲ್ಯದಲ್ಲಿ ಬಟಾಟೆ, ಕೋಸಂಬರಿಯಲ್ಲಿ ಗಜ್ಜರಿ, ಮೊಸರಿನಲ್ಲಿ ಕೂಡ ಹಸಿಶುಂಠಿಯ ಚೂರು. ಬಡಿಸುವವನು ನಮ್ಮನ್ನು ತಮಿಳಿನಲ್ಲಿ ಮಾತಾಡಿಸಿದ. ನಮಗೆ ಬಾರದೆಂದಾಗ ಅವನಿಗೆ ಆಶ್ಚರ್ಯವಾಯಿತು. ಈ ಊರಿನ ಲೆಕ್ಕದಲ್ಲಿ ಭಾರತೀಯರೆಂದರೆ ಒಂದೇ ಜಾತಿಯ ಜನ. ಅತ್ತೆ ಬಿಳಿ ಅನ್ನಕ್ಕೆ ಉಪ್ಪು ಹಾಕಿಕೊಂಡು ನಾಲ್ಕು ತುತ್ತು ಉಂಡು ಎಲೆ ಮಡಿಸಿದರು.

ಬಾಗಿಲ ಹತ್ತಿರ ಕೂತಿದ್ದ ಗೈಡ್ ಎದ್ದು ಬಂದಳು. "ಅಮ್ಮನಿಗೆ ಮೈ ಸರಿ ಇಲ್ಲವೇ?" ಎಂದು ಕೇಳಿದಳು. ನಾನು ತಡವರಿಸುತ್ತ ವಿವರಿಸಿದೆ. ಮಾಂಸವಿಲ್ಲ ಎಂದಾಗ ಸುಮ್ಮನೆ ತಲೆಯಾಡಿಸಿದಳು. ಉಳ್ಳಾಗಡ್ಡಿ ಬಳ್ಳೊಳ್ಳಿಯೂ ಇಲ್ಲ ಎಂದಾಗ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟಳು.

"ನನ್ನ ದೊಡ್ಡಮ್ಮನೂ ತಿನ್ನುವುದಿಲ್ಲ. ಅವಳು ಬೌದ್ಧಳು. ಅವಳದೇ ಊಟದ ಅಂಗಡಿ ಇದೆ. ಮಾಂಸ, ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದೂ ಆ ಅಂಗಡಿಯ ಹೊಸಿಲು ದಾಟುವುದಿಲ್ಲ" ಎಂದಳು. ಸಂಜೆ ಎಲ್ಲರನ್ನೂ ಬಜಾರಿನಲ್ಲಿ ಬಿಟ್ಟಾಗ ತನಗೆ ಬಿಡುವು, ಆಗ ನಮ್ಮನ್ನು ಕರೆದೊಯ್ಯುತ್ತೇನೆ ಎಂದಳು.

"ಹೊತ್ತ ಎಷ್ಟಕ್ಕ ಮುಳಗ್ತೈತಿ ಕೇಳ" ಎಂದರು ಅತ್ತೆ.

ಇಲ್ಲಿ ವರ್ಷವಿಡೀ ಏಳು ಗಂಟೆಯ ಆಸುಪಾಸಿಗೇ ಎಂದಳು ಗೈಡ್.

"ಚಳಿಗಾಲ ಬ್ಯಾಸಗಿ ಎಲ್ಲಾ ಒಂದs? ಹಂಗಾದ್ರ ಇಲ್ಲಿ ವ್ರತ ಮಾಡೂದು ಸಸಾರ" ಎಂದರು. ಬೆಳಿಗ್ಗೆಯಿಂದ ನೋಡಿದ್ದರಲ್ಲಿ ಅವರಿಗೆ ಬಹಳ ಮೆಚ್ಚಿಗೆಯಾದದ್ದು ಇದೇ ಎಂದು ಕಾಣುತ್ತದೆ.

ಮಧ್ಯಾಹ್ನದ ಮೇಲೆ ಬಂಗಾರದ ಬಣ್ಣದ ಗುಮ್ಮಟದ ಮಸೀದಿ, ಅದರ ಸುತ್ತಲಿನ ಬಟ್ಟೆಯ ಅಂಗಡಿಗಳು, ಹೂವಿನ ತೋಟ. ತೋಟದಲ್ಲಿ ಅತ್ತೆ ಬೆಂಚಿನ ಮೇಲೆ ಕೂತರು, ಸುಸ್ತು ಎಂದು ಹೇಳಲಿಲ್ಲ. ಐದು ದಾಟಿದ ಮೇಲೆ ಬಸ್ಸು ಎಲ್ಲರನ್ನೂ ಟೇಪ್‌ರೆಕಾರ್ಡರು, ಕ್ಯಾಮರಾ ಮಾರುವ ಬಜಾರಿನ ಮುಂದೆ ಇಳಿಸಿತು. ನಾವು ಮೂವರು ಟ್ಯಾಕ್ಸಿ ಹಿಡಿದೆವು.

ಅಂಗಡಿ ಚಿಕ್ಕದು. ಗೋಡೆಯ ಗೂಡಿನಲ್ಲಿ ಬಿಳಿ ಸೀರೆ ಉಟ್ಟಂತೆ ಕಾಣುವ ಒಬ್ಬ ದೇವಿ, ಮುಂದೆ ಕಿತ್ತಳೆ ಹಣ್ಣು, ಊದಿನಕಡ್ಡಿ. ಗೈಡಿನ ದೊಡ್ಡಮ್ಮ ಅತ್ತೆಗಿಂತ ಹಿರಿಯಳು, ಸಣಕಲು ಮೈ, ಬಿಳಿ ಅಂಗಿ, ಕರಿ ಪಾಯಿಜಾಮ. ಮದುವೆ ಆಗಿರಲಿಲ್ಲವಂತೆ. ಅವಳಿಗೆ ಚೀನೀ ಭಾಷೆ ಬಿಟ್ಟು ಬೇರೆ ಬಾರದು. ಅತ್ತೆಯನ್ನು ನೋಡಿ ತಲೆ ಬಾಗಿಸಿ ಒಳಗೆ ಹೋದಳು. ಗೈಡ್ ಖುಷಿಯಲ್ಲಿದ್ದಳು. "ಈ ಅಂಗಡಿಯ ಅತಿ ಒಳ್ಳೆಯದನ್ನೇ ಹೇಳಿದ್ದೇನೆ" ಎಂದಳು.

ತಟ್ಟೆ ಬಂತು. ಬೆಳಿಗ್ಗೆ ಗಾಜಿನ ಹಿಂದೆ ತೂಗುತ್ತಿದ್ದುದೇ ಹೋಳಾಗಿ ಬಂದ ಹಾಗಿತ್ತು. ಅದೇ ಕೆಂಪು ಹೊಳಪು, ಗರಿ ಕಿತ್ತ ಗುರುತಿನಂಥ ಗುಳ್ಳೆಗಳಿರುವ ತೊಗಲು.

ಅತ್ತೆ ಎದ್ದು ನಿಂತರು.

"ಅಲ್ಲ ಅಲ್ಲ, ಇದು ಗೋಧಿ!" ಎಂದು ಗೈಡ್ ಗಾಬರಿಯಿಂದ ನನ್ನ ತೋಳು ಹಿಡಿದಳು. ಗೋಧಿಹಿಟ್ಟನ್ನು ನೀರಿನಲ್ಲಿ ತೊಳೆತೊಳೆದು ಉಳಿದ ಜಿಗಟಿನಿಂದ ಮಾಡುತ್ತಾರೆ, ಬಣ್ಣ ಸೋಯಾದ್ದು, ಜೀವ ಎಂಬುದು ಇದರಲ್ಲಿ ಎಳ್ಳಷ್ಟೂ ಇಲ್ಲ. ಎಲ್ಲವನ್ನೂ ಅತ್ತೆಗೆ ಹೇಳಿದೆ.

"ಗೋಧಿ ಅಂತ ನಾನೂ ನಂಬತೀನಿ. ಖರೆ, ಇದರ ಹೆಸರ ಏನ ಕೇಳ."

ಕೇಳಿದೆ. ಗೈಡ್ ನನ್ನ ತೋಳು ಬಿಟ್ಟು, "ಬಾತುಕೋಳಿ" ಎಂದಳು.

"ಹಂಗಾದ್ರ ಬ್ಯಾಡ. ಚಾತುರ್ಮಾಸದಾಗ ಮುನಿಗಳು ಹೇಳಿದ್ದು ಮರತಿಯೇನ? ಒಬ್ಬ ರಾಜ, ಅವನ ತಾಯಿ ದೇವಿಗೆ ಬಲಿ ಕೊಡೂ ಮುಂದ, ಜೀವಂತ ಕೋಳಿ ಕಡಿಯೂದು ಬ್ಯಾಡಂತ ಹಿಟ್ಟಿಂದ ಕೋಳಿ ಮಾಡಿ ಕಡದ್ರು. ಕೋಳಿ ಅಂತ ಅನ್ಕೊಂಡs ಕಡದ್ರಲ್ಲ. ಆ ಪಾಪಕ್ಕ ತಾಯಿ ಮಗ ಜನ್ಮ ಜನ್ಮ ಪ್ರಾಣಿಯಾಗಿ ಹುಟ್ಟಿ ಸತ್ರು."

ಇದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ನನ್ನ ರವಿಕೆ ಬೆವರಿನಿಂದ ಒದ್ದೆಯಾಯಿತು. ಗೈಡ್ ಮುಖ ಸಣ್ಣದು ಮಾಡಿಕೊಂಡು ಕೇಳಿದಳು. ಒಳಗಿನಿಂದ ದೊಡ್ಡಮ್ಮ ಏನೋ ಕೂಗಿದಳು. ಗೈಡ್ ಚೀನೀಯಲ್ಲಿ ಕಥೆ ಹೇಳಿದಳು. ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಮ್ಮ ಮೇಜಿಗೇ ಕೂತಳು. ಅತ್ತೆಯೂ ಕೂತರು. ಮುಂದಿನ ಮಾತೆಲ್ಲ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಚೀನೀ ಭಾಷೆಗೆ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಿತು. ಗೈಡ್ ಮತ್ತು ನಾನು ಮಧ್ಯದಲ್ಲಿ.

ದೊಡ್ಡಮ್ಮ ಹೇಳಿದಳು: "ನನ್ನ ಅಂಗಡಿಗೆ ಬರುವವರಲ್ಲಿ ಹುಟ್ಟಾ ಸಸ್ಯಾಹಾರಿಗಳು ಕಡಿಮೆ. ತಾಯಿ ಸತ್ತಾಗಲೋ ಕಾಯಿಲೆ ಬಂದಾಗಲೋ ಮಾಂಸ ಬಿಡುತ್ತೇವೆಂದು ಹರಕೆ ಹೊರುತ್ತಾರೆ. ನಾಲಿಗೆ ಕೇಳುವುದಿಲ್ಲ. ಅವರಿಗೆ ಇದನ್ನು ಕೊಡುತ್ತೇನೆ. ನಾನು ಒಂದು ಗೋಧಿಯ ಬಾತುಕೋಳಿ ಮಾರಿದರೆ ಆ ದಿನ ಒಂದು ನಿಜವಾದ ಬಾತುಕೋಳಿ ಬದುಕುತ್ತದೆ. ಇದು ಪಾಪ ಹೇಗೆ?"

ಅತ್ತೆ ತಟ್ಟೆಯನ್ನು ನೋಡುತ್ತ ಹೇಳಿದರು: "ಅವರಿಗಿ ಅದು ಬರೋಬ್ಬರಿ ಇರಬೇಕು. ಅವರು ಬಿಡಾಕ ತಿಂತಾರ. ನಾ ಬಾತುಕೋಳಿ ಎಂದೂ ತಿಂದಾಕಿ ಅಲ್ಲ, ತಿನ್ನಬೇಕು ಅಂತ ಅನಿಸಿದ್ದೂ ಇಲ್ಲ. ಇವತ್ತ ಇದನ್ನ ತಿಂದ್ರ ನಾಳೆ ಅದರ ರುಚಿ ನೆನಪ ಆಗ್ತೈತಿ. ಅವರ ಆಸೆ ಹೋಗೂ ಹಾದ್ಯಾಗ ನನಗ ಆಸೆ ಬರ್ತೈತಿ."

ಗೈಡ್ ಇದನ್ನು ದಾಟಿಸಿದಾಗ ಮುದುಕಿ ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ಮೇಜು ತಟ್ಟಿ ನಕ್ಕಳು. ಬಾಯಲ್ಲಿ ಹಲ್ಲು ಕಡಿಮೆ ಇದ್ದವು. ತಟ್ಟೆಯನ್ನು ನನ್ನ ಕಡೆ ಸರಿಸಿ ನೀನು ಎಂಬಂತೆ ಗದ್ದ ಎತ್ತಿದಳು. ನನಗೆ ತಿಂದು ನೋಡುವ ಮನಸ್ಸಿತ್ತು, ಆದರೆ ಅಷ್ಟೆಲ್ಲ ಅನುವಾದ ಮಾಡಿದ ಮೇಲೆ ಧೈರ್ಯವಾಗಲಿಲ್ಲ. ಗೈಡ್ ಅದನ್ನು ತನ್ನ ಮುಂದೆ ಎಳೆದುಕೊಂಡಳು. ಅವಳಿಗೆ ಯಾವ ಕಟ್ಟುಪಾಡೂ ಇರಲಿಲ್ಲ.

ಮುದುಕಿ ಅತ್ತೆಯ ಮಣಿಕಟ್ಟು ಹಿಡಿದು ಅಡಿಗೆಮನೆಗೆ ಕರೆದೊಯ್ದಳು. ಅಲ್ಲಿ ಅವರಿಗೆ ನಾವು ಬೇಕಾಗಲಿಲ್ಲ. ಅತ್ತೆ ಬಾಣಲೆ ತೋರಿಸಿ ತೊಳೆಯುವ ಸನ್ನೆ ಮಾಡಿದರು, ಮುದುಕಿ ಕುದಿಯುವ ನೀರು ಹೊಯ್ದು ತಿಕ್ಕಿದಳು. ಉದ್ದನೆಯ ಅಲಸಂದಿ ಕಾಯಿಗಳ ಕಟ್ಟು ತಂದು ಇಬ್ಬರೂ ಮುರಿಯತೊಡಗಿದರು. ಒಂದೊಂದನ್ನೂ ಸೀಳಿ, ಒಳಗೆ ಹುಳ ಇದೆಯೋ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬುಟ್ಟಿಗೆ ಹಾಕುತ್ತಿದ್ದರು. ಅಂಕಲಿಯಲ್ಲಿ ಅತ್ತೆ ಮಾಡುವುದೂ ಹಾಗೇ. ಹುರಿದ ಶೇಂಗಾ ಒಂದು ಡಬ್ಬಿಯಲ್ಲಿತ್ತು; ನೆಲದೊಳಗೆ ಬೆಳೆದರೂ ಅದು ಗಡ್ಡೆಯಲ್ಲ, ಕಾಳು, ಅತ್ತೆಗೆ ಸಲ್ಲುತ್ತದೆ. ಅತ್ತೆ ಅದಕ್ಕೆ ಒಣ ಮೆಣಸಿನಕಾಯಿ, ಉಪ್ಪು ಸೇರಿಸಿ ಅಲ್ಲಿನ ಕಲ್ಲಿನ ಒರಳಿನಲ್ಲಿ ಕುಟ್ಟಿ ಚಟ್ನಿಪುಡಿಯಂಥ ಹಿಂಡಿ ಮಾಡಿಕೊಂಡರು. ಮುದುಕಿ ಬೆರಳಿಗೆ ಹಚ್ಚಿ ನೆಕ್ಕಿ ಏನೋ ಅಂದಳು.

"ಸ್ವಲ್ಪ ಸಿಹಿ ಬೇಕಂತೆ" ಎಂದಳು ಗೈಡ್.

"ಖರೆ ಅಂತಾಳ, ಬೆಲ್ಲ ಹಾಕಬೇಕಿತ್ತು" ಎಂದರು ಅತ್ತೆ.

ಅನ್ನ, ಅಲಸಂದಿ ಪಲ್ಯ, ಹಿಂಡಿ. ಅತ್ತೆ ಎರಡು ಸಲ ಹಾಕಿಸಿಕೊಂಡು ಉಂಡರು. ನೀರು ಕುಡಿದು ಬಾಯಿ ತೊಳೆದಾಗ ಹಿತ್ತಲ ಬಾಗಿಲಿನಿಂದ ಕಟ್ಟಡಗಳ ನಡುವೆ ಇನ್ನೂ ಬೆಳಕಿತ್ತು.

ನಾವು ಬಜಾರಿಗೆ ತಿರುಗಿ ಬಂದಾಗ ಮಾತ್ರ ಬಹಳ ತಡವಾಗಿತ್ತು. ಎಲ್ಲರೂ ಪೆಟ್ಟಿಗೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕಾಯುತ್ತಿದ್ದರು. ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ. ಗೈಡ್ ಕ್ಷಮೆ ಕೇಳುವುದರೊಳಗೆ ಎಲ್ಲರ ಮುಂದೆ ಜೋರಾಗಿ ಇಂಗ್ಲಿಷಿನಲ್ಲಿ ಬೈಯತೊಡಗಿದ. ಕೆಲಸ ಬಿಟ್ಟು ತಿರುಗುವುದಕ್ಕೆ ಕೂಲಿ ಕೊಟ್ಟಿಲ್ಲ, ನಿನ್ನ ಆಫೀಸಿಗೆ ದೂರು ಕೊಡುತ್ತೇನೆ ಎಂದ. ಅವಳು ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತಳು.

"ಏನಂತಾನ?" ಎಂದರು ಅತ್ತೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

ಬಸ್ಸು ಹತ್ತಿ ಸೀಟಿನಲ್ಲಿ ಕೂತಿದ್ದ ಅತ್ತೆ ಎದ್ದು ಮುಂದೆ ಹೋದರು. ಅವನಿಗೆ ತಿಳಿಯಲೆಂದು ಮರಾಠಿಯಲ್ಲೇ ಶುರು ಮಾಡಿದರು. ಇವಳಿಗೆ ಏನೂ ಅನ್ನಬೇಡ. ನಿಮ್ಮ ಕಂಪನಿ ನನ್ನನ್ನು ಇಷ್ಟು ದೂರ ಕರೆತಂದಿತು, ಏನು ತಿನ್ನುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಇವಳು ಕೇಳಿದಳು, ಉಣ್ಣಿಸಿದಳು. ದೂರು ಕೊಡುವುದಾದರೆ ಅದನ್ನೂ ಸೇರಿಸಿ ಕೊಡು.

"ಕಾಕೂ, ತುಮ್ಹೀ ಬಸಾ" ಎಂದ ಅವನು, ಚಿಕ್ಕಮ್ಮ, ನೀವು ಕೂತುಕೊಳ್ಳಿ ಎಂದು ಸಮಾಧಾನದ ದನಿಯಲ್ಲಿ.

"ಮೀ ಕಾಕೂ ನಾಹೀ" ಎಂದರು ಅತ್ತೆ, ನಾನು ಚಿಕ್ಕಮ್ಮ ಅಲ್ಲ ಎಂದು. "ಮೀ ಡೀಲರ್ ಆಹೇ."

ಹಿಂದಿನಿಂದ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಮ್ಯಾನೇಜರ್ ಡ್ರೈವರಿಗೆ ಹೊರಡಲು ಹೇಳಿ ತನ್ನ ಸೀಟಿಗೆ ಹೋದ. ಗೈಡ್ ಮೈಕು ತೆಗೆದುಕೊಂಡು ಬಲಗಡೆಯ ಕಟ್ಟಡ ಹಳೆಯ ಅಂಚೆ ಕಚೇರಿ ಎಂದಳು. ನಾನು ಎರಡು ಭಾಷೆಯಲ್ಲಿ ಹೇಳಿದೆ. ಹೋಟೆಲಿನ ಮುಂದೆ ಇಳಿದಾಗ ಅವಳು ಅತ್ತೆಯ ಕೈ ಹಿಡಿದು ಕುಲುಕಿದಳು, ಅತ್ತೆಗೆ ಅದು ಹೊಸದು. ದೂರು ಹೋಯಿತೋ ಇಲ್ಲವೋ ಎಂದು ನಮಗೆ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ಅಂಕಲಿಯ ಹೆಂಗಸರು ಕೇಳಿದ್ದಕ್ಕೆಲ್ಲ ಅತ್ತೆ ಉತ್ತರ ಕೊಟ್ಟರು. ವಿಮಾನ, ಎತ್ತರದ ಕಟ್ಟಡ, ಉಗುಳಿದರೆ ದಂಡ ಹಾಕುವುದು ಇಂಥವನ್ನು ಹೇಳಿದರು. ಊಟದ ಅಂಗಡಿಯ ಸುದ್ದಿ ತೆಗೆಯಲಿಲ್ಲ. ಆ ವರ್ಷ ಕಾಗವಾಡದ ಹತ್ತಿರ ಒಂದು ಊರಿನಲ್ಲಿ ಮುನಿಯೊಬ್ಬರ ಚಾತುರ್ಮಾಸ ನಡೆದಿತ್ತು. ನಾವಿಬ್ಬರೂ ದರ್ಶನಕ್ಕೆ ಹೋದೆವು. ಪ್ರವಚನ ಮುಗಿದ ಮೇಲೆ ಅತ್ತೆ ದೂರದಲ್ಲಿ ಕುಳಿತು, ಆ ಮುದುಕಿ ಹೇಳಿದ್ದನ್ನು ಹೇಳಿ, ಅವಳಿಗೆ ಪಾಪ ತಟ್ಟುತ್ತದೆಯೇ ಎಂದು ಕೇಳಿದರು. ತಾವು ಅವಳಿಗೆ ಕೊಟ್ಟ ಉತ್ತರವನ್ನು ಹೇಳಲಿಲ್ಲ.

ಮುನಿಗಳು ತಿರುಗಿ ಕೇಳಿದರು: "ಅದನ್ನು ತಿಂದವರು ಮುಂದೆ ಅದನ್ನೂ ಬಿಟ್ಟರೇ? ಅಥವಾ ಅದಕ್ಕೇ ಅಂಟಿಕೊಂಡರೇ?"

"ಅದನ್ನ ಕೇಳಿಲ್ಲರಿ" ಎಂದು ಅತ್ತೆ ಕೈ ಮುಗಿದು ಎದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಅತ್ತೆಗೆ ಯಾರೋ ಸೀಟು ಬಿಟ್ಟುಕೊಟ್ಟರು, ನಾನು ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದೆ. ಕೃಷ್ಣೆಯ ಸೇತುವೆ ದಾಟುವಾಗ ನನ್ನ ಸೆರಗು ಜಗ್ಗಿದರು.

"ಆ ಗೈಡ್ ಹೆಣ್ಮಗಳಿಗೆ ಫೋನ ಮಾಡಾಕ ಬರ್ತೈತೇನ? ಆಕಿ ದೊಡ್ಡಮ್ಮಗ ಒಂದ ಮಾತ ಕೇಳೂದೈತಿ."

"ನಂಬರ ಇಸ್ಕೊಂಡಿಲ್ಲರಿ."

"ಇಸ್ಕೋಬೇಕಿತ್ತು" ಎಂದರು ಅತ್ತೆ. ಕೂತಿದ್ದ ಸೀಟಿನಲ್ಲಿ ಕಿಟಕಿಯ ಕಡೆ ಒತ್ತಿಕೊಂಡು, ಬಾಜೂದಾಗ ಕೂಡ ಬಾ ಎಂದು ನನಗಷ್ಟು ಜಾಗ ಮಾಡಿಕೊಟ್ಟರು.